ಎಷ್ಟು ಬೇಕಾದರೂ ಒಯ್ಯಿರಿ

ಮಕ್ಕಳ ಕೋಣೆಯ ಬಾಗಿಲು ಮತ್ತೆ ಚೌಕಟ್ಟಿಗೆ ಸಿಕ್ಕಿಕೊಂಡಾಗ ಗ್ರಂಥಪಾಲಕಿಗೆ ಮೊದಲು ಸಿಟ್ಟು ಬಂದದ್ದು ಅಂಟಪ್ಪನ ಮೇಲೆ. ಅಂಟಪ್ಪ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವವನು. ಬೆರಳ ಸಂದಿಯಲ್ಲಿ ಸದಾ ಒಣಗಿದ ಗೋಂದು ಇರುತ್ತಿದ್ದುದರಿಂದ ಆ ಹೆಸರು. ಬಡಗಿ ಕೆಲಸವೂ ಅಲ್ಪಸ್ವಲ್ಪ ಬರುತ್ತಿತ್ತು. ಒಂಬತ್ತು ದಿನದ ಹಿಂದಷ್ಟೇ ಅವನು ಆ ಬಾಗಿಲನ್ನು ಕಳಚಿ, ಮೇಲಿನ ಅಂಚು ಕೀಸಿ ಕೂರಿಸಿದ್ದ.

"ಏನು ಕೆರೆದ್ಯೋ ನೀನು? ಬಾಗಿಲನ್ನೋ, ತಲೇನೋ?"

"ಅಮ್ಮಾ, ಎರಡು ನೂಲು ಸಂದು ಬಿಟ್ಟಿದ್ದೆ. ನಾನೇ ಅಳೆದಿದ್ದೆ. ಈಗ ನೋಡಿ, ಕಾಗದ ಕೂಡ ತೂರಲ್ಲ."

ಅವಳು ಬಾಗಿಲಿಗೆ ಭುಜ ಕೊಟ್ಟು ನೂಕಿದಳು. ಒಳಗೆ ಸಣ್ಣ ಕುರ್ಚಿಗಳಲ್ಲಿ ಕೂತಿದ್ದ ಏಳೆಂಟು ಮಕ್ಕಳು ತಲೆ ಎತ್ತಿ ನೋಡಿ ನಕ್ಕವು. "ಸದ್ದು!" ಎಂದು ಅವಳು ಗದರಿದಳು. ಮೂವತ್ತೊಂದು ವರ್ಷ ಹೀಗೆ ಗದರಿ ಗದರಿ ಊರಿನವರ ಬಾಯಲ್ಲಿ ಅವಳು ಸದ್ದಮ್ಮನಾಗಿದ್ದಳು. ಆ ಕಟ್ಟಡದಲ್ಲಿ ಎಲ್ಲರಿಗಿಂತ ದೊಡ್ಡ ಗಂಟಲು ಅವಳದೇ ಎಂದು ಓದುಗರು ಹಿಂದಿನಿಂದ ಹೇಳಿಕೊಳ್ಳುತ್ತಿದ್ದರು.

ಹೊಸ ನಿರ್ದೇಶಕನಿಗೆ ಬಾಗಿಲ ವಿಷಯ ಹೇಳಿದರೆ ಅವನು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ಎಣ್ಣೆ ಹಾಕ್ಸಿ ಮೇಡಂ" ಅಂದ. ಮೇಲಿನ ಚೌಕಟ್ಟಿಗೆ ಉಜ್ಜುವ ಬಾಗಿಲಿಗೆ ಎಣ್ಣೆ ಹಾಕಿದರೆ ಏನು ಬಂತು ಎಂದು ಕೇಳಬೇಕೆನಿಸಿ, ಮಾತು ನುಂಗಿಕೊಂಡು ಹೊರಬಂದಳು.

ಆ ಸಂಜೆ ಊಟದ ಮೇಜಿನಲ್ಲಿ ಅವಳು ಬಾಗಿಲ ಪುರಾಣ ತೆಗೆದದ್ದು ನಿರ್ದೇಶಕನನ್ನು ಬೈಯಲಿಕ್ಕೆ ಮಾತ್ರ. ಮನೆಯಲ್ಲಿ ಇದ್ದವರು ಮೂವರು: ಅವಳು, ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವ ಮಗ, ಕಟ್ಟಡಗಳ ಕಂಬ-ತೊಲೆಗಳ ಲೆಕ್ಕ ಹಾಕುವ ಕಚೇರಿಯಲ್ಲಿ ಕೆಲಸ ಮಾಡುವ ಸೊಸೆ. ಅತ್ತೆ-ಸೊಸೆಗೆ ಅಷ್ಟಕ್ಕಷ್ಟೆ. ಜಗಳವೆಂದೇನಲ್ಲ, ಇಬ್ಬರೂ ಕಡಿಮೆ ಮಾತಾಡುತ್ತಿದ್ದರು, ಮಗ ಬೇಗ ಬೇಗ ಉಂಡು ಏಳುವುದನ್ನು ಕಲಿತಿದ್ದ.

ಸೊಸೆ ತುತ್ತು ಕೈಯಲ್ಲೇ ಹಿಡಿದು ಕೇಳಿದಳು. "ಅತ್ತೆ, ಬಾಗಿಲು ಕೆಳಗೆ ಉಜ್ಜುತ್ತಾ, ಮೇಲೆ ಉಜ್ಜುತ್ತಾ?"

"ಮೇಲೆ."

"ಕೀಸಿದ ಮೇಲೂ ಮತ್ತೆ ಉಜ್ಜಿತಾ?"

"ಅದನ್ನೇ ಅಲ್ವಾ ಹೇಳ್ತಿರೋದು."

"ಆ ಕೋಣೆ ಮೇಲ್ಗಡೆ ಏನಿದೆ?"

ಏನಿದೆ ಎಂದು ಹೇಳುತ್ತಾ ಹೇಳುತ್ತಾ ಸದ್ದಮ್ಮ ಉಣ್ಣುವುದನ್ನೇ ನಿಲ್ಲಿಸಿದಳು. ಗ್ರಂಥಾಲಯ ಎರಡಂತಸ್ತಿನದು. ಮೊದಲಿನಿಂದಲೂ ಪುಸ್ತಕಗಳ ಉಗ್ರಾಣ ನೆಲದಂತಸ್ತಿನಲ್ಲಿತ್ತು, ಮೇಲೆ ಉದ್ದನೆಯ ಮೇಜುಗಳ ವಾಚನಾಲಯ. ಹೊಸ ನಿರ್ದೇಶಕ ಬಂದ ಮೂರೇ ತಿಂಗಳಲ್ಲಿ ಉಗ್ರಾಣದ ಜಾಗವನ್ನು ನಗರಪಾಲಿಕೆಯ ಅರ್ಜಿ ಕೌಂಟರುಗಳಿಗೆ ಬಿಟ್ಟುಕೊಟ್ಟು, ಇಪ್ಪತ್ತೈದು ಸಾವಿರ ಪುಸ್ತಕಗಳನ್ನು ಮಹಡಿಗೆ ಏರಿಸಿದ್ದ. ಅದೂ ಸಾಮಾನ್ಯ ಕಪಾಟುಗಳಲ್ಲಲ್ಲ. ಹಳಿಯ ಮೇಲೆ ಜರುಗುವ ಕಬ್ಬಿಣದ ಕಪಾಟುಗಳು. ಚಕ್ರ ತಿರುಗಿಸಿದರೆ ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ, ನಡುವೆ ಓಡಾಡಲು ಒಂದೇ ಓಣಿ. ಎಲ್ಲವೂ ವಾಚನಾಲಯದ ನಟ್ಟನಡುವೆ, ಸರಿಯಾಗಿ ಮಕ್ಕಳ ಕೋಣೆಯ ನೆತ್ತಿಯ ಮೇಲೆ. ಓದುಗರಿಗೆ ಕೂರಲು ಜಾಗ ಹೋಯಿತೆಂದು ಆಗ ಸದ್ದಮ್ಮ ಜಗಳವಾಡಿದ್ದಳು. ಭಾರದ ಯೋಚನೆ ಅವಳಿಗೂ ಬಂದಿರಲಿಲ್ಲ.

ಸೊಸೆ ಕೈ ತೊಳೆದುಕೊಂಡಳು. "ನಾಳೆ ನಾನೂ ಬರ್ತೀನಿ."

ಮಂಗಳವಾರ ಬೆಳಗ್ಗೆ ಗ್ರಂಥಾಲಯ ತೆರೆಯುವ ಮೊದಲೇ ಇಬ್ಬರೂ ಒಳಗಿದ್ದರು. ಸೊಸೆ ಏಣಿ ಹತ್ತಿ, ಮಕ್ಕಳ ಕೋಣೆಯ ಮೇಲೆ ಹಾದುಹೋದ ತೊಲೆಯ ಎರಡು ತುದಿಗೂ ನಾಲ್ಕು ಬೆರಳು ಕೆಳಗೆ ದಾರ ಬಿಗಿದಳು. ನಡುವೆ ಬಂದು ಅಳೆದರೆ ಎರಡೂವರೆ ಬೆರಳು. ತೊಲೆ ಒಂದೂವರೆ ಬೆರಳಿನಷ್ಟು ಬಾಗಿತ್ತು. ಆಮೇಲೆ ಅಂಟಪ್ಪ ರದ್ದಿ ತೂಗುವ ತಕ್ಕಡಿಯಲ್ಲಿ ಕಪಾಟಿನ ಒಂದು ಸಾಲಿನ ಪುಸ್ತಕಗಳನ್ನೆಲ್ಲ ತೂಗಿಸಿದಳು, ಸಾಲುಗಳನ್ನು ಎಣಿಸಿದಳು, ಕಪಾಟುಗಳು ನಿಂತ ನೆಲವನ್ನು ಅಳೆದಳು. ಸದ್ದಮ್ಮ ಕಟ್ಟಡದ ಹಳೆಯ ನಕ್ಷೆಯನ್ನು ಹುಡುಕಿ ತಂದಳು. ಅಂಥದ್ದು ಎಲ್ಲಿದೆ ಎಂದು ಅವಳಿಗೆ ಕಣ್ಣು ಮುಚ್ಚಿಕೊಂಡೂ ಗೊತ್ತಿತ್ತು. ನಕ್ಷೆಯ ಮೂಲೆಯಲ್ಲಿ, ಬರೆದವನು ಯಾರೋ, ಮುದ್ದಾದ ಅಕ್ಷರಗಳಲ್ಲಿ ಬರೆದಿದ್ದ: ಮೇಲಂತಸ್ತು, ವಾಚನಾಲಯ ಮಾತ್ರ, ಚದರ ಮೀಟರಿಗೆ ಮುನ್ನೂರು ಕಿಲೋ.

"ಈಗೆಷ್ಟಿದೆ?"

"ಎಂಟುನೂರು. ಕಪಾಟಿನ ಕಬ್ಬಿಣವೂ ಸೇರಿ."

"ಬರೆದಿಟ್ಟಿದ್ದಾರಲ್ಲೇ! 'ಮಾತ್ರ' ಅಂತ ಬರೆದಿದ್ದಾರಲ್ಲ! ಓದೋಕೆ ಬರಲ್ವಾ ಇವರಿಗೆ? ಗ್ರಂಥಾಲಯ ನಡೆಸ್ತಾರೆ, ಓದೋಕೆ ಬರಲ್ವಾ?"

ಸೊಸೆ ತೊಲೆ ಕಂಬವನ್ನು ಸೇರುವ ಕಡೆ ಟಾರ್ಚು ಬಿಟ್ಟು ನೋಡುತ್ತಿದ್ದಳು. ಸುಣ್ಣದ ಮೇಲೆ ಒಂದು ಬಿರುಕು ಓರೆಯಾಗಿ ಮೇಲಕ್ಕೆ ಏರಿತ್ತು, ಕೂದಲಿಗಿಂತ ಸ್ವಲ್ಪ ದಪ್ಪ.

"ನಡುಮಧ್ಯ ನೆಟ್ಟಗೆ ಬಿರುಕು ಬಿಟ್ಟರೆ ನನಗೆ ಇಷ್ಟು ಭಯ ಆಗಲ್ಲ ಅತ್ತೆ. ತೊಲೆ ಬಾಗಿ ಬಾಗಿ ಹೇಳುತ್ತೆ, ಟೈಮ್ ಕೊಡುತ್ತೆ. ಕಂಬದ ಹತ್ರ ಹೀಗೆ ಓರೆ ಬಂದಿದ್ದು ಹೇಳೋದೂ ಇಲ್ಲ, ಕೇಳೋದೂ ಇಲ್ಲ, ಒಮ್ಮೆಲೇ ಮುರಿಯುತ್ತೆ." ಅವಳು ಏಣಿ ಇಳಿದಳು. "ಇವತ್ತಿಂದ ಇಲ್ಲಿ ಮಕ್ಕಳನ್ನ ಬಿಡಬೇಡಿ."

ಸದ್ದಮ್ಮ ಕೋಣೆಗೆ ಬೀಗ ಹಾಕಿ ಕೀಲಿಯನ್ನು ತನ್ನ ಕೈಚೀಲಕ್ಕೆ ಸೇರಿಸಿದಳು.

ನಿರ್ದೇಶಕ ಇಬ್ಬರನ್ನೂ ಕೂರಿ ಎನ್ನಲಿಲ್ಲ. ಸೊಸೆ ಲೆಕ್ಕದ ಹಾಳೆಯನ್ನು ಮುಂದಿಟ್ಟು ನಿಧಾನವಾಗಿ ವಿವರಿಸಿದಳು. ಅವನು ಹಾಳೆಯನ್ನು ಮುಟ್ಟದೆ ಡ್ರಾಯರಿನಿಂದ ಒಂದು ಪತ್ರ ತೆಗೆದ.

"ನಗರಪಾಲಿಕೆ ಇಂಜಿನಿಯರ್ ಸರ್ಟಿಫಿಕೇಟ್ ಕೊಟ್ಟಿದ್ದಾರೆ. ಕಟ್ಟಡ ಸುಭದ್ರ ಅಂತ. ಸಹಿ, ಸೀಲು, ಎಲ್ಲಾ ಇದೆ."

ಸೊಸೆ ಓದಿದಳು. ಓದುತ್ತಾ ಅವಳ ಕಿವಿಗಳು ಕೆಂಪಾದವು. "ಸಾರ್, ಗಾಳಿಯ ಒತ್ತಡಕ್ಕೆ ಸುಭದ್ರ, ಭೂಕಂಪಕ್ಕೆ ಸುಭದ್ರ ಅಂತ ಬರೆದಿದ್ದಾರೆ. ಕಟ್ಟಡದ ಮೇಲೆ ಬೀಳೋ ಭಾರ ಒಂದೇ ಥರ ಇರಲ್ಲ. ಗಾಳಿ ಪಕ್ಕದಿಂದ ನೂಕುತ್ತೆ, ಭೂಕಂಪ ಬುಡದಿಂದ ಅಲ್ಲಾಡಿಸುತ್ತೆ. ಇದು ಮೇಲಿಂದ ಕೆಳಕ್ಕೆ ತುಳೀತಿದೆ. ಪುಸ್ತಕದ ಬಗ್ಗೆ ಈ ಪತ್ರದಲ್ಲಿ ಒಂದಕ್ಷರ ಇಲ್ಲ."

"ಸುಭದ್ರ ಅಂದ್ರೆ ಸುಭದ್ರ ಕಣಮ್ಮ."

"ಕಣ್ಣು ಪರೀಕ್ಷೆ ಮಾಡಿ ಹೃದಯ ಚೆನ್ನಾಗಿದೆ ಅಂತ ಬರೆದ್ರೆ ಒಪ್ಕೋತೀರಾ ಸಾರ್?"

ಅವನು ಈಗ ಸದ್ದಮ್ಮನ ಕಡೆ ತಿರುಗಿದ. "ಮೇಡಂ, ಮನೆಮಂದಿನೆಲ್ಲ ಆಫೀಸಿಗೆ ಕರ್ಕೊಂಡು ಬರೋ ಪದ್ಧತಿ ಯಾವಾಗಿಂದ? ಕಪಾಟು ಬಂದು ಇಪ್ಪತ್ತು ದಿನ ಆಯ್ತು. ಬಿತ್ತಾ? ಇಲ್ಲ ತಾನೆ? ಶನಿವಾರ ಮೇಯರ್ ಬಂದು ಉದ್ಘಾಟನೆ ಮಾಡ್ತಾರೆ. ಇನ್ನೂರು ಜನ ಮೇಲೆ ಕೂರ್ತಾರೆ. ಅದಕ್ಕೆ ಕಲ್ಲು ಹಾಕಬೇಡಿ."

ಕಪಾಟಿನ ಸುತ್ತ ಇನ್ನೂರು ಜನ. ಸೊಸೆ ಪತ್ರವನ್ನು ಮೇಜಿನ ಮೇಲಿಟ್ಟಳು. "ಕೊನೇಪಕ್ಷ ಕೆಳಗೆ ಉಕ್ಕಿನ ಆಸರೆ ಕಂಬ ಕೊಡಿಸಿ ಸಾರ್. ಅರ್ಧ ದಿನದ ಕೆಲಸ."

"ಮೇಯರ್ ಬರೋ ಹೊತ್ತಿಗೆ ಕಟ್ಟಡಕ್ಕೆ ಊರುಗೋಲು ಕೊಟ್ಟು ನಿಲ್ಲಿಸ್ಲಾ? ಹೋಗಿ. ಇದನ್ನ ಹೊರಗೆ ಯಾರ ಹತ್ರಾನೂ ಆಡಬೇಡಿ. ಮಕ್ಕಳ ಕೋಣೆ ತೆಗೀರಿ."

"ತೆಗೆಯಲ್ಲ," ಅಂದಳು ಸದ್ದಮ್ಮ.

"ಏನಂದ್ರಿ?"

"ಕೀಲಿ ನನ್ನ ಹತ್ರ ಇದೆ. ತೆಗೆಯಲ್ಲ ಅಂದೆ."

ಸೊಸೆ ಅಲ್ಲಿಂದ ನೇರ ನಗರಪಾಲಿಕೆಗೆ ಹೋಗಿ ದೂರು ಕೊಟ್ಟಳು. ಅವರು ಅದರ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಒತ್ತಿ, ಹದಿನೈದು ದಿನದಲ್ಲಿ ಉತ್ತರ ಬರುತ್ತದೆ ಎಂದರು.

ಸಂಜೆ ಅಡುಗೆಮನೆಯಲ್ಲಿ ಇಬ್ಬರೂ ಪಾತ್ರೆಗಳನ್ನು ಕುಕ್ಕುತ್ತಾ ಕೆಲಸ ಮಾಡಿದರು. ಮಗ ಒಮ್ಮೆ ಇಣುಕಿ, ಇಬ್ಬರ ಮುಖವನ್ನೂ ನೋಡಿ, ಬಂದ ದಾರಿಯಲ್ಲೇ ವಾಪಸಾದ. ಯಾವತ್ತೂ ಒಬ್ಬರ ಸಿಟ್ಟನ್ನು ಇನ್ನೊಬ್ಬರಿಗೆ ತಾಗದಂತೆ ನೋಡಿಕೊಳ್ಳುವುದು ಅವನ ಕೆಲಸವಾಗಿತ್ತು. ಇಬ್ಬರೂ ಒಂದೇ ಕಡೆ ತಿರುಗಿ ಸಿಟ್ಟಾದರೆ ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ.

"ನೀನು ಫೋನಲ್ಲಿ ಯಾರ ಹತ್ರಾನೋ ಡೆಡ್ ಲೋಡು, ಲೈವ್ ಲೋಡು ಅಂತಿರ್ತೀಯಲ್ಲ," ಅಂದಳು ಸದ್ದಮ್ಮ. "ಪುಸ್ತಕ ಅದರಲ್ಲಿ ಯಾವುದು? ಡೆಡ್ಡೇ ಇರ್ಬೇಕು. ಅರ್ಧಕ್ಕರ್ಧ ಪುಸ್ತಕಾನ ವರ್ಷಗಟ್ಟಲೆ ಯಾರೂ ಮುಟ್ಟಿಲ್ಲ."

"ಅಲ್ಲ ಅತ್ತೆ. ಗೋಡೆ, ತೊಲೆ, ಛಾವಣಿ, ಅವುಗಳ ಸ್ವಂತ ತೂಕ ಡೆಡ್ ಲೋಡು. ಅದು ಎಲ್ಲಿಗೂ ಹೋಗಲ್ಲ. ಜನ, ಕುರ್ಚಿ, ಸಾಮಾನು, ಪುಸ್ತಕ, ಬಂದು ಹೋಗೋದೆಲ್ಲ ಲೈವ್."

"ಎಷ್ಟು ಇಳಿಸಿದ್ರೆ ತೊಲೆ ಬದುಕುತ್ತೆ?"

"ಹದಿನೈದು ಸಾವಿರ ಪುಸ್ತಕ. ಉಳಿದಿದ್ದನ್ನ ಗೋಡೆ ಬದಿಗೆ ಹರಡಿದ್ರೆ ತೊಂದ್ರೆ ಇಲ್ಲ. ಆದ್ರೆ ಇಳಿಸಿ ಎಲ್ಲಿಡ್ತೀರಿ? ಅಂಗಳದಲ್ಲಿ ಇಟ್ರೆ ಮಾರನೇ ದಿನ ಅವನೇ ಮತ್ತೆ ಮೇಲಕ್ಕೆ ಹೊರಿಸ್ತಾನೆ."

ಸದ್ದಮ್ಮ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟಳು. ಗ್ರಂಥಾಲಯದ ನಿಯಮಾವಳಿ ಅವಳಿಗೆ ಬಾಯಿಪಾಠ. ಒಬ್ಬ ಸದಸ್ಯರಿಗೆ ಕೊಡುವ ಪುಸ್ತಕಗಳ ಸಂಖ್ಯೆಯನ್ನೂ ಅವಧಿಯನ್ನೂ ಗ್ರಂಥಪಾಲಕರು ನಿರ್ಧರಿಸತಕ್ಕದ್ದು. ಅವಳು ಕೆಲಸಕ್ಕೆ ಸೇರಿದ ವರ್ಷ ಮೂರು ಪುಸ್ತಕ, ಹದಿನೈದು ದಿನ ಎಂದು ನಿರ್ಧರಿಸಿದ್ದಳು. ಮತ್ತೆ ಯಾರೂ ಕೇಳಿರಲಿಲ್ಲ, ಅವಳೂ ಬದಲಿಸಿರಲಿಲ್ಲ.

ಬುಧವಾರ ಬೆಳಗ್ಗೆ ಹೊರಗಿನ ಕರಿಹಲಗೆಯ ಮೇಲೆ ಅವಳೇ ಬರೆದಳು: ಎಷ್ಟು ಬೇಕಾದರೂ ಒಯ್ಯಿರಿ. ಆರು ತಿಂಗಳು ಇಟ್ಟುಕೊಳ್ಳಿ. ಶುಕ್ರವಾರದವರೆಗೆ ಮಾತ್ರ. ಸದಸ್ಯರಲ್ಲದವರಿಗೆ ಇಲ್ಲೇ ಕಾರ್ಡು ಕೊಡಲಾಗುವುದು.

ಮೊದಲ ಗಂಟೆ ಯಾರೂ ನಂಬಲಿಲ್ಲ. ಎದುರು ರಸ್ತೆಯ ಕ್ಷೌರಿಕ ಬಂದು ಹಲಗೆಯನ್ನು ಎರಡು ಸಲ ಓದಿ, "ಸದ್ದಮ್ಮನೋರೇ, ಹುಷಾರಾಗಿದೀರಾ?" ಅಂದ.

"ಹುಷಾರಾಗಿಲ್ಲ. ಮೈಯೆಲ್ಲ ಉರೀತಿದೆ. ಎಷ್ಟು ಬೇಕು ಹೇಳು."

"ವಿಶ್ವಕೋಶದ ಸಂಪುಟ ಒಂದೊಂದೇ ಕೇಳಿದ್ರೂ ಕೊಟ್ಟಿರ್ಲಿಲ್ಲ ನೀವು."

"ಎಲ್ಲಾ ತಗೊಂಡ್ ಹೋಗು. ಇಪ್ಪತ್ನಾಲ್ಕೂ."

ಕ್ಷೌರಿಕ ಅಂಗಡಿಗೆ ಬಂದವರಿಗೆಲ್ಲ ಹೇಳಿದ. ಮಧ್ಯಾಹ್ನದ ಹೊತ್ತಿಗೆ ಅಂಗಳ ತುಂಬಿತು. ಸೊಸೆ ಕಚೇರಿಗೆ ರಜೆ ಹಾಕಿ ಮಹಡಿಯ ಮೇಲೆ ನಿಂತಿದ್ದಳು. ಓದುಗರನ್ನು ಯಾರನ್ನೂ ಮೇಲಕ್ಕೆ ಬಿಡಲಿಲ್ಲ. ಅಂಟಪ್ಪನೂ ಅವನ ಜೊತೆಗೆ ಬಂದ ನಾಲ್ಕು ಜನ ಹಮಾಲರೂ ಮಾತ್ರ. ಮೊದಲು ತೊಲೆಯ ನಡುವಿನ ಕಪಾಟು, ಆಮೇಲೆ ಅದರ ಅಕ್ಕಪಕ್ಕದ್ದು, ಬುಟ್ಟಿಯಲ್ಲಿ ತುಂಬಿ ಮೆಟ್ಟಿಲಲ್ಲಿ ಕೈಯಿಂದ ಕೈಗೆ ಇಳಿಸಿದರು. ಅಂಗಳದ ಮೇಜುಗಳ ಮೇಲೆ ಪುಸ್ತಕಗಳು ಬಿದ್ದಂತೆಲ್ಲ ಖಾಲಿಯಾದವು. ದರ್ಜಿ ಹೆಂಗಸೊಬ್ಬಳು ಹೊಲಿಗೆಯ ಬಟ್ಟೆ ಒಯ್ಯುವ ಗಾಡಿ ತಂದು ನೂರಹತ್ತು ಕಾದಂಬರಿ ಏರಿಸಿದಳು. ಶಾಲೆಯ ಮೇಷ್ಟ್ರೊಬ್ಬರು ಒಂದು ತರಗತಿಯನ್ನೇ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ತೋಳಿಗೂ ಇಪ್ಪತ್ತು ಇಪ್ಪತ್ತು ಹೇರಿದರು. ಮುದುಕನೊಬ್ಬ ಖಗೋಳಶಾಸ್ತ್ರದ ಸಾಲನ್ನು ಪೂರ್ತಿ ಕೇಳಿದ. ಇಪ್ಪತ್ತು ವರ್ಷದಿಂದ ಮೂರು ಮೂರೇ ಒಯ್ದು, ಒಂದನ್ನು ಓದುವಾಗ ಇನ್ನೊಂದು ಬೇಕಾಗಿ ಒದ್ದಾಡಿದ್ದನಂತೆ.

"ಹೇಳಬಾರದಿತ್ತೇನ್ರೀ?" ಎಂದು ಸದ್ದಮ್ಮ ಅವನ ಮೇಲೆ ಹರಿಹಾಯ್ದಳು.

"ಹೇಳಿದ್ದೆನಮ್ಮ. ನೀವು 'ಸದ್ದು' ಅಂದಿದ್ರಿ."

ಅವಳು ಕಾರ್ಡಿನ ಮೇಲೆ ಮುದ್ರೆ ಒತ್ತಿದಳು, ಮೇಜು ಅಲುಗುವಷ್ಟು ಜೋರಾಗಿ. ಆ ಹೊತ್ತಿನ ಸಿಟ್ಟು ನಿರ್ದೇಶಕನ ಮೇಲಿನದಲ್ಲ.

ನಿರ್ದೇಶಕ ಎರಡು ದಿನ ಮೇಯರ್ ಕಚೇರಿಯಲ್ಲಿ ಕಾರ್ಯಕ್ರಮದ ಏರ್ಪಾಡಿನಲ್ಲಿದ್ದವನು ಶುಕ್ರವಾರ ಬೆಳಗ್ಗೆ ಬಂದ. ಅಂಗಳದಲ್ಲಿ ಸಂತೆಯ ಹಾಗೆ ಜನ. ಒಬ್ಬಾಕೆ ಗಲ್ಲದವರೆಗೆ ಪುಸ್ತಕ ಪೇರಿಸಿಕೊಂಡು ಬಂದು, "ಸ್ವಲ್ಪ ದಾರಿ ಬಿಡ್ರಿ" ಎಂದು ಅವನನ್ನು ಪಕ್ಕಕ್ಕೆ ಸರಿಸಿದಳು.

"ಏನ್ರೀ ಇದು?" ಎಂದು ಅವನು ಕಿರುಚಿದ.

"ಲೈಬ್ರರಿ, ಸಾರ್," ಅಂದಳು ಸದ್ದಮ್ಮ, ತಲೆ ಎತ್ತದೆ.

"ನಿಲ್ಲಿಸಿ! ಯಾರನ್ನ ಕೇಳಿ ಮಾಡಿದ್ರಿ?"

"ನಿಯಮಾವಳಿ ಕೇಳಿ ಮಾಡಿದೆ. ಪ್ರತಿ ಬೇಕಾದ್ರೆ ಕೊಡ್ತೀನಿ. ಓದೋಕೆ ಪುರುಸೊತ್ತಿದ್ರೆ."

ಅವನು ಗೇಟು ಹಾಕಿಸಲು ನೋಡಿದ. ಕಾವಲುಗಾರನ ಕಂಕುಳಲ್ಲೇ ಎಂಟು ಪತ್ತೇದಾರಿ ಕಾದಂಬರಿಗಳಿದ್ದವು. ಅವನು ಕೇಳಿಸದವನಂತೆ ನಿಂತ. ಅರ್ಧ ಗಂಟೆಯಲ್ಲಿ ನಿರ್ದೇಶಕ ಅಮಾನತಿನ ಆದೇಶ ಟೈಪು ಮಾಡಿಸಿ ತಂದು ಅವಳ ಮುಂದೆ ಎಸೆದ. ಆಸ್ತಿಗೆ ಹಾನಿ, ಮೇಲಧಿಕಾರಿಗೆ ಅವಿಧೇಯತೆ. ಅವಳು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಹಾಳೆಯನ್ನು ಅವನ ಕಡೆಗೆ ತಿರುಗಿಸಿದಳು.

"ಇದರ ಕೆಳಗೆ ಒಂದು ಸಾಲು ಸೇರಿಸಿ. ತೊಲೆ ಬಾಗಿದೆ ಅಂತ ಮಂಗಳವಾರವೇ ನಿಮಗೆ ತಿಳಿಸಲಾಗಿತ್ತು ಅಂತ. ಸೇರಿಸಿ ಸಹಿ ಹಾಕಿ. ಈಗಲೇ ಎದ್ದು ಹೋಗ್ತೀನಿ."

ಅವನು ಪೆನ್ನು ತೆಗೆಯಲಿಲ್ಲ. ಅವಳು ಸಂಜೆ ಆರರವರೆಗೂ ಕೂತು ಕೊನೆಯ ಕಾರ್ಡಿಗೆ ಮುದ್ರೆ ಒತ್ತಿ, ಆಮೇಲೆ ಮುದ್ರೆಯನ್ನು ಒರೆಸಿ ಡಬ್ಬಿಯಲ್ಲಿಟ್ಟು, ಅಮಾನತಾದಳು. ಹದಿನೈದು ಸಾವಿರದ ಇನ್ನೂರು ಪುಸ್ತಕ ಹೋಗಿದ್ದವು. ಉಳಿದವನ್ನು ಅಂಟಪ್ಪ ಮತ್ತು ಹಮಾಲರು ಗೋಡೆಯ ಉದ್ದಕ್ಕೂ ಸಾಲಾಗಿ ಜೋಡಿಸಿದ್ದರು.

ಶನಿವಾರ ಉದ್ಘಾಟನೆಗೆ ಅವಳು ಸಾರ್ವಜನಿಕರ ಸಾಲಿನಲ್ಲಿ ಹೋಗಿ ಕೂತಳು, ಪಕ್ಕದಲ್ಲಿ ಸೊಸೆ. ಮೇಯರ್ ಹೊಸ ಕಪಾಟಿನ ಚಕ್ರ ತಿರುಗಿಸಿದರು. ಖಾಲಿ ಕಬ್ಬಿಣ ಗಡಗಡ ಎಂದು ಜರುಗಿತು. ಕ್ಯಾಮೆರಾದವನು ಚಿತ್ರ ತೆಗೆಯುವುದೋ ಬಿಡುವುದೋ ಎಂದು ನೋಡಿದ.

"ಪುಸ್ತಕ ಎಲ್ರೀ?" ಎಂದರು ಮೇಯರ್.

ನಿರ್ದೇಶಕ ಒಂದು ಕ್ಷಣವೂ ತಡವರಿಸಲಿಲ್ಲ. "ಜನರ ಮನೆಯಲ್ಲಿವೆ ಸಾರ್. ಅದೇ ನಮ್ಮ ಹೊಸ ಯೋಜನೆ. ಮನೆಮನೆಗೂ ಗ್ರಂಥಾಲಯ. ನಾನೇ ರೂಪಿಸಿದ್ದು."

ಇನ್ನೂರು ಜನ ಚಪ್ಪಾಳೆ ತಟ್ಟಿದರು.

ಅಮಾನತು ಸದ್ದಮ್ಮನನ್ನು ಇಷ್ಟು ಸುಟ್ಟಿರಲಿಲ್ಲ. ಅವಳು ಎದ್ದು ನಿಂತಳು. "ಸುಳ್ಳು!" ಆ ಗಂಟಲಿಗೆ ಚಪ್ಪಾಳೆ ಅಲ್ಲಲ್ಲೇ ನಿಂತಿತು. "ಹಸಿ ಸುಳ್ಳು! ನೀವೆಲ್ಲ ಕೂತಿದೀರಲ್ಲ, ಇದರ ಕೆಳಗಿನ ತೊಲೆ ಬಿರುಕು ಬಿಟ್ಟಿದೆ. ಕೆಳಗೆ ಮಕ್ಕಳು ಕೂರ್ತಿದ್ರು. ಇವರಿಗೆ ಹೇಳಿದ್ರೆ ಬಾಗಿಲಿಗೆ ಎಣ್ಣೆ ಹಾಕಿ ಅಂದ್ರು. ಭಾರ ಇಳಿಸಿದ್ದು ನಾವು, ಇವರಲ್ಲ! ಇಳಿಸಿದ್ದಕ್ಕೆ ನನ್ನನ್ನ ಮನೆಗೆ ಕಳಿಸಿದ್ದಾರೆ!"

ಯಾರೋ ಅವಳ ತೋಳು ಹಿಡಿಯಲು ಬಂದರು. ಸೊಸೆ ಅಡ್ಡ ನಿಂತು, "ನಮ್ಮತ್ತೆ ಮೈ ಮುಟ್ಟಬೇಡಿ" ಅಂದಳು. ಆಮೇಲೆ ನೇರ ವೇದಿಕೆಯ ಬಳಿ ಹೋಗಿ, ಲೆಕ್ಕದ ಹಾಳೆ, ಹಳೆಯ ನಕ್ಷೆಯ ಪ್ರತಿ, ನಗರಪಾಲಿಕೆಯ ಮುದ್ರೆ ಬಿದ್ದ ದೂರು, ಮೂರನ್ನೂ ಮೇಯರ್ ಕೈಗೆ ಕೊಟ್ಟಳು. "ಈಗ ಗಾಬರಿಯಾಗಬೇಡಿ. ಇವತ್ತಿನ ಮಟ್ಟಿಗೆ ಇದು ತಡೆಯುತ್ತೆ, ನಾನು ಲೆಕ್ಕ ಹಾಕಿದೀನಿ, ಅದಕ್ಕೇ ನಾನೂ ಇಲ್ಲಿ ಕೂತಿದ್ದೆ. ನಿಧಾನವಾಗಿ ಇಳಿದು ಹೋಗಿ. ಆದ್ರೆ ಇವತ್ತೇ ಕೆಳಗೆ ಆಸರೆ ಕೊಡಿಸಿ."

ಮೇಯರ್ ಹಾಳೆ ನೋಡಿದರು, ಖಾಲಿ ಕಪಾಟು ನೋಡಿದರು, ಕಾಲ ಕೆಳಗಿನ ನೆಲ ನೋಡಿದರು. ಭಾಷಣ ಮಾಡದೆ ಇಳಿದು ಹೋದರು. ಸಂಜೆಯೊಳಗೆ ಮಕ್ಕಳ ಕೋಣೆಯಲ್ಲಿ ಉಕ್ಕಿನ ಆಸರೆ ಕಂಬಗಳು ನಿಂತವು.

ಹೊರಗಿನ ತಜ್ಞರು ಬಂದು ತೊಲೆಯ ಗಾರೆ ಕಿತ್ತು ನೋಡಿದ್ದು ಮುಂದಿನ ತಿಂಗಳು. ಬಿರುಕು ಒಳಗಿನ ಕಂಬಿಯವರೆಗೂ ಹೋಗಿತ್ತು. ಪುಸ್ತಕಗಳ ಜೊತೆಗೆ ಶನಿವಾರದ ಜನವೂ ಸೇರಿದ್ದರೆ ತೊಲೆ ನಿಲ್ಲುತ್ತಿತ್ತೆಂದು ಹೇಳಲಾಗದು ಎಂದು ಅವರು ವರದಿಯಲ್ಲಿ ಬರೆದರು. ಜರುಗುವ ಕಪಾಟುಗಳು ನೆಲದಂತಸ್ತಿಗೆ ಇಳಿದವು, ಅರ್ಜಿ ಕೌಂಟರುಗಳು ಬೇರೆ ಕಡೆಗೆ ಹೋದವು. ನಿರ್ದೇಶಕನನ್ನು ಉದ್ಯಾನಗಳ ಇಲಾಖೆಗೆ ವರ್ಗ ಮಾಡಿದರು, ಅದೇ ದರ್ಜೆಯಲ್ಲಿ. ಸದ್ದಮ್ಮನ ಅಮಾನತು ರದ್ದಾಯಿತು. ಆದರೆ ನಿಯಮವನ್ನು 'ಅತಿಯಾಗಿ ಅನ್ವಯಿಸಿದ್ದಕ್ಕೆ' ಒಂದು ಎಚ್ಚರಿಕೆ ಪತ್ರ ಕೊಟ್ಟು, ತಪ್ಪೊಪ್ಪಿಗೆಗೆ ಸಹಿ ಕೇಳಿದರು. ಅವಳು ಸಹಿ ಮಾಡಲಿಲ್ಲ. ಮೂರು ಸಲ ಜ್ಞಾಪನ ಬಂತು. ಮೂರನ್ನೂ ವಾಪಸು ಕಳಿಸಿದಳು.

ಆರು ತಿಂಗಳು ಕಳೆದು ಎಣಿಸಿದಾಗ ಸುಮಾರು ಏಳುನೂರು ಪುಸ್ತಕಗಳು ಬಂದಿರಲಿಲ್ಲ. ಭಾನುವಾರಗಳಲ್ಲಿ ಅತ್ತೆ-ಸೊಸೆ ಇಬ್ಬರೂ ಪಟ್ಟಿ ಹಿಡಿದು ಮನೆಮನೆಗೆ ಹೊರಟರು. ದಾರಿಯುದ್ದಕ್ಕೂ ವಾದ: ಯಾವ ಬೀದಿ ಮೊದಲು, ಚೀಲ ಯಾರು ಹಿಡಿಯಬೇಕು, ಬಿಸಿಲಿಗೆ ಕೊಡೆ ತರಬೇಕಿತ್ತೋ ಇಲ್ಲವೋ. ಒಂದು ದಿನ ಉದ್ಯಾನದ ಪಕ್ಕ ಹಾದುಹೋಗುವಾಗ ಹೊಸ ನಾಮಫಲಕದ ಮೇಲೆ ಹಳೆಯ ನಿರ್ದೇಶಕನ ಹೆಸರು ಕಂಡು ಸದ್ದಮ್ಮ ನಿಂತುಬಿಟ್ಟಳು.

"ಬನ್ನಿ ಅತ್ತೆ, ಸಾಕು. ಎಷ್ಟು ದಿನ ಅಂತ ಸಿಟ್ಟು ಮಾಡ್ಕೋತೀರಿ?"

"ನಿನಗೆ ಇಳಿದುಹೋಯ್ತಾ?"

ಸೊಸೆ ಚೀಲವನ್ನು ಇನ್ನೊಂದು ಕೈಗೆ ಬದಲಿಸಿ, "ಇಲ್ಲ" ಅಂದಳು.

"ಮತ್ತೆ?" ಅಂದಳು ಸದ್ದಮ್ಮ. ಇಬ್ಬರೂ ಮುಂದಿನ ಮನೆಯ ಗೇಟು ತಳ್ಳಿ, ಬಾಗಿಲು ಬಡಿದರು.